ಗಿಲಾವಿನ ಕೆಳಗಿನ ಬಿರುಕು: ಗಡಿಕೇಶ್ವಾರದಿಂದ ಕೊಯ್ನಾದವರೆಗೆ

ನಮ್ಮ ಅವ್ವ ರಾತ್ರಿ ಬಾಗಿಲಿಗೆ ಚಿಲಕ ಹಾಕುವುದಿಲ್ಲ. ಬಾಗಿಲು ಮುಚ್ಚಿ, ಒಳಗಿನಿಂದ ಒಂದು ಕಲ್ಲು ಒತ್ತುಕೊಟ್ಟು ಮಲಗುತ್ತಾಳೆ. 1993ರ ಸೆಪ್ಟೆಂಬರ್ 30ರ ನಸುಕಿನಿಂದ ಈ ರೂಢಿ. ಆಗ ನನಗೆ ಒಂಬತ್ತು ವರ್ಷ. ಆಳಂದ ತಾಲೂಕಿನ ನಮ್ಮೂರಲ್ಲಿ ಗಣಪತಿ ಕಳಿಸಿ ಬಂದು ಮಲಗಿದ್ದೆವು. ನಾಲ್ಕಕ್ಕೆ ಇನ್ನೂ ಐದು ನಿಮಿಷ ಇರುವಾಗ ಮನೆ ಗಡಗಡ ಅಂದಿತು. ಚೌಕಟ್ಟು ಸೊಟ್ಟಗಾಗಿ ಚಿಲಕ ಕಚ್ಚಿಕೊಂಡಿತ್ತು. ಅಪ್ಪ ಒದ್ದು ಬಾಗಿಲು ಮುರಿದ. ನಮ್ಮ ಪಾಲಿಗೆ ಬಂದ ನಷ್ಟ ಅಷ್ಟೇ, ಅದರ ಜೊತೆ ದನದ ಕೊಟ್ಟಿಗೆಯ ಒಂದು ಗೋಡೆ. ಗಡಿಯ ಆಚೆ ಮಹಾರಾಷ್ಟ್ರದ ಕಿಲ್ಲಾರಿಯಲ್ಲಿ ಏನಾಗಿದೆ ಅನ್ನುವುದು ಗೊತ್ತಾಗಿದ್ದು ಮಧ್ಯಾಹ್ನ, ರೇಡಿಯೋದಲ್ಲಿ.

ನಮ್ಮ ಕಾಕಾ ಗೌಂಡಿ. ಭೂಕಂಪದ ನಂತರ ಕಿಲ್ಲಾರಿ ಸುತ್ತಲಿನ ಊರುಗಳನ್ನು ಹೊಸದಾಗಿ ಕಟ್ಟುವಾಗ ಕೂಲಿಗೆ ಹೋದವರಲ್ಲಿ ಅವನೂ ಒಬ್ಬ. 1995, 96ರಲ್ಲಿ ಸುಮಾರು ಒಂದೂವರೆ ವರ್ಷ ಅಲ್ಲೇ ಇದ್ದ. ಈಗ ಮೊಳಕಾಲು ಸೋತಿವೆ, ಏಣಿ ಹತ್ತುವುದನ್ನು ಬಿಟ್ಟಿದ್ದಾನೆ. ಈ ಸಲ ದೀಪಾವಳಿಗೆ ಬೆಂಗಳೂರಿನಿಂದ ಊರಿಗೆ ಹೋದಾಗ, “ತಮ್ಮ, ನಾ ಕಟ್ಟಿದ ಮನಿ ಇನ್ನೂ ಅವ ಇಲ್ಲ ಒಮ್ಮಿ ನೋಡ್ಕೊಂಡ್ ಬರೂಣ” ಅಂದ. ಹೊರಡುವುದೇ ಆದರೆ ನೆಲ ನಡುಗುವ ಊರುಗಳನ್ನೇ ಒಂದು ಸಾಲು ನೋಡಿಬಿಡೋಣ ಅಂತ ನಾನು ಚಿಂಚೋಳಿ ಕಡೆಯ ಗಡಿಕೇಶ್ವಾರವನ್ನೂ ಮಹಾರಾಷ್ಟ್ರದ ಅಣೆಕಟ್ಟಿನ ಊರು ಕೊಯ್ನಾವನ್ನೂ ಸೇರಿಸಿದೆ. ಕಾರು ನನ್ನದು, ತಂಬಾಕಿನ ಚೀಲ ಕಾಕಾನದು.

ಮೊದಲ ದಿನ: ಗಡಿಕೇಶ್ವಾರ

ಕಲಬುರಗಿಯಲ್ಲಿ ಸುಸ್ಲಾ, ಮಿರ್ಚಿ ತಿಂದು ಹೊರಟಾಗ ಎಂಟೂವರೆ. ಚಿಂಚೋಳಿ ಕಡೆಗೆ ಹೋಗುವ ದಾರಿಯ ಎರಡೂ ಬದಿಗೆ ತೊಗರಿ ಹಳದಿ ಹೂ ಬಿಟ್ಟು ನಿಂತಿತ್ತು. ಮಳೆ ಈ ವರ್ಷ ಜೋರಾಗಿ ಆಗಿದೆ ಅನ್ನುವುದಕ್ಕೆ ರಸ್ತೆಯ ತಗ್ಗುಗಳೇ ಸಾಕ್ಷಿ. ಒಂದೂವರೆ ತಾಸಿನ ದಾರಿಗೆ ಎರಡೂವರೆ ತಾಸು ಹಿಡಿಯಿತು. ಅಲ್ಲಲ್ಲಿ ಹೊಲದ ಬದುವಿಗೆ ಒಟ್ಟಿದ ಫರ್ಸಿ ಕಲ್ಲು. ಈ ಸೀಮೆಯ ಕಪ್ಪು ಮಣ್ಣಿನ ಕೆಳಗೆ ಹಲವು ಕಡೆ ಸುಣ್ಣದ ಕಲ್ಲು ಹಾಸಿಕೊಂಡಿದೆ. ಶಹಾಬಾದದ ನೆಲಹಾಸು, ಸೇಡಂ ಕಡೆಯ ಸಿಮೆಂಟು, ಎರಡೂ ಅದೇ ಕಲ್ಲಿನವು.

2021ರ ಅಕ್ಟೋಬರಿನಲ್ಲಿ ಈ ಊರಿನ ಹೆಸರು ದಿನಾ ಪೇಪರಿನಲ್ಲಿ ಬರುತ್ತಿತ್ತು. 11ನೇ ತಾರೀಖು ರಾತ್ರಿ ಹತ್ತರ ಸುಮಾರಿಗೆ ಆದ ಕಂಪನದ ತೀವ್ರತೆ 4.1. ಅದರ ಹಿಂದೆ ಮುಂದೆ ಸಣ್ಣವು ಹಲವು. ಜನ ಮನೆ ಬಿಟ್ಟು ಬಯಲಲ್ಲಿ ಮಲಗಿದರು. ಎಷ್ಟೋ ಕುಟುಂಬಗಳು ಟ್ರ್ಯಾಕ್ಟರು, ಟಂಟಂ ಹತ್ತಿ ಬೀಗರ ಊರು ಸೇರಿದವು. ಸರ್ಕಾರದವರು ತಗಡಿನ ಶೆಡ್ಡು ಹಾಕಿದರು, ಭೂಕಂಪ ಅಳೆಯುವ ಯಂತ್ರ ತಂದಿಟ್ಟರು.

ಬೇವಿನ ಗಿಡದ ಕಟ್ಟೆಯ ಮೇಲೆ ನಾಲ್ಕೈದು ಜನ ಕೂತಿದ್ದರು. ಕಾಕಾ ತಂಬಾಕಿನ ಚೀಲ ಬಿಚ್ಚಿದ್ದೇ ತಡ, ಪರಿಚಯದ ಕೆಲಸ ಮುಗಿಯಿತು.

“ಮೊದಲು ಸಪ್ಪಳ ಬರ್ತಿತ್ರಿ. ಕೆಳಗಿಂದ ಯಾರೋ ಬಾಂಬ್ ಹಾಕ್ದಂಗ. ಆಮ್ಯಾಲ ಮಾಡಿನ ಮ್ಯಾಲಿನ ಭಾಂಡಿ ಧಡಲ್ ಅಂತ ಬೀಳ್ತಿದ್ವು,” ಅಂದರು ಹಿರಿಯರೊಬ್ಬರು.

“ಈಗ?”

“ಈಗ ಕಮ್ಮಿ ಆಗ್ಯದ. ಆದ್ರ ಮಳಿ ಮುಗದ ಮ್ಯಾಲ ರಾತ್ರಿ ಕಿವಿ ನೆಲಕ್ಕೇ ಇರ್ತದ್ರಿ.”

ಯಾಕೆ ಹೀಗಾಗುತ್ತದೆ ಅಂತ ಕೇಳಿದೆ. ಕಟ್ಟೆಯ ಮೇಲೆ ಎಷ್ಟು ಜನವೋ ಅಷ್ಟು ಕಾರಣ. ಒಬ್ಬರು, ಸುಣ್ಣದ ಕಲ್ಲಿನ ಪೊಟರೆಗೆ ನೀರು ಇಳಿದು ಒಳಗಿನ ಗಾಳಿ ಹೊರಗೆ ನುಗ್ಗುತ್ತದೆ ಅಂದರು. ಇನ್ನೊಬ್ಬ ಹುಡುಗ ಕಲ್ಲುಗಣಿಗಳ ಸಿಡಿತದ ಕಡೆ ಬೆರಳು ತೋರಿಸಿದ. ಕಸಬರಿಗೆ ಕಟ್ಟುತ್ತ ಕೂತಿದ್ದ ಆಯಿ ತಲೆ ಎತ್ತದೆ, “ಆದಿಶೇಷ ಮಗ್ಗಲ ಬದಲಸ್ತಾನ. ಮನಿಯಾಗ ಹೆಂಡ್ತಿ ಏನರೆ ಅಂದಿರಬೇಕು” ಅಂದಳು. ಎಲ್ಲರೂ ನಕ್ಕರು, ಆಕೆ ನಗಲಿಲ್ಲ.

ತಜ್ಞರು ಹೇಳಿದ್ದು ಮೊದಲನೆಯವರ ಮಾತಿಗೆ ಹತ್ತಿರವೇ ಇತ್ತು. ಮಳೆಯ ನೀರು ಸುಣ್ಣದ ಕಲ್ಲಿನ ಸಂದುಗಳಲ್ಲಿ ಇಳಿಯುತ್ತದೆ, ಒಳಗೆ ಒತ್ತಡ ಏರುತ್ತದೆ, ಮೊದಲೇ ಬಿರಿದ ಬಂಡೆ ಕೂದಲೆಳೆಯಷ್ಟು ಜರುಗುತ್ತದೆ. ಇದೆಲ್ಲ ನಡೆಯುವುದು ತೀರ ಮೇಲ್ಪದರದಲ್ಲಿ. ಹಾಗಾಗಿಯೇ ತೀವ್ರತೆ ಕಡಿಮೆಯಾದರೂ ಸಪ್ಪಳ ದೊಡ್ಡದು. ಬಂಡೆಯೊಳಗಿಂದ ಬರುವ ವೇಗದ ಅಲೆ ಮೇಲ್ಮೈ ಮುಟ್ಟಿದಾಗ ಗಾಳಿಯನ್ನು ಡೋಲಿನ ಚರ್ಮದಂತೆ ಅದುರಿಸುತ್ತದೆ. ಆಳದಲ್ಲಿ ಹುಟ್ಟಿದ್ದರೆ ಆ ಸದ್ದು ದಾರಿಯಲ್ಲೇ ಅಡಗಿಹೋಗುತ್ತಿತ್ತು. ಇದನ್ನು ಹೇಳಿದಾಗ ಹಿರಿಯರು ತಲೆಯಾಡಿಸಿ, “ಅಂದ್ರ ಸಪ್ಪಳ ಬಂದ್ರ ಒಳ್ಳೇದೇನ್ರಿ?” ಅಂತ ಕೇಳಿದರು. ಹೌದು ಅನ್ನಲು ನನಗೆ ಧೈರ್ಯ ಬರಲಿಲ್ಲ.

ಮಧ್ಯಾಹ್ನದ ಊಟ ಅವರ ಮನೆಯಲ್ಲೇ ಆಯಿತು. ಬಿಸಿ ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ, ಮಜ್ಜಿಗೆ. ಹೋಟೆಲಿನ ಆಸೆ ಇಟ್ಟುಕೊಂಡು ಈ ಕಡೆ ಬರಬೇಡಿ. ಯಾರ ಮನೆಗಾದರೂ ಕರೆದರೆ ಬೇಡ ಅನ್ನಲೂಬೇಡಿ. ಊಟದ ನಡುವೆ ಕಾಕಾನ ಕಣ್ಣು ಬಾಗಿಲ ಮೇಲಿನ ಮೂಲೆಗೇ ಹೋಗುತ್ತಿತ್ತು. ಅಲ್ಲಿಂದ ಜಂತಿಯವರೆಗೆ ಬೆರಳು ಹೋಗುವಷ್ಟು ಬಿರುಕು.

“ಇದು ಆಗಿಂದೇನು?”

“ಆಗಿಂದೇ. ಬೆಳೀತದೋ ಏನೋ ಅನ್ನೂದೇ ಚಿಂತಿ.”

ಕಾಕಾ ಎದ್ದ. ಒಂದು ಗಾಜಿನ ಚೂರು ತರಿಸಿ, ಬಿರುಕಿಗೆ ಅಡ್ಡಲಾಗಿ ಎರಡೂ ತುದಿಗೆ ಸಿಮೆಂಟು ಹಚ್ಚಿ ಕೂಡಿಸಿದ. “ಗೋಡಿ ಅಲುಗಾಡಿದ್ರ ಗಾಜು ಒಡೀತದ. ಒಡೀಲಿಲ್ಲಂದ್ರ ಬಿರುಕು ಹಳೇದು, ಸುಮ್ನ ಮಕ್ಕೋರಿ.” ಗೌಂಡಿಗಳ ಹಳೆಯ ಉಪಾಯವಂತೆ. ಯಂತ್ರ ತಂದಿಟ್ಟವರು ಹೇಳದ ಸಮಾಧಾನ ಆ ಮನೆಯವರಿಗೆ ಈ ಗಾಜಿನಿಂದ ಸಿಕ್ಕಿತು ಅಂತ ನನಗೆ ಅನ್ನಿಸಿತು.

ಕತ್ತಲಾಗುವ ಮುಂಚೆ ವಾಪಸ್ಸು ಹೊರಟೆವು. ಆ ರಸ್ತೆಯಲ್ಲಿ ರಾತ್ರಿ ಕಾರು ಓಡಿಸುವುದು ಭೂಕಂಪಕ್ಕಿಂತ ಅಪಾಯ.

ಎರಡನೇ ದಿನ: ಕಿಲ್ಲಾರಿ

ಆಳಂದ ದಾಟಿ ಉಮರ್ಗಾ ಕಡೆ ತಿರುಗಿದ ಮೇಲೆ ಬೋರ್ಡುಗಳು ಮರಾಠಿಗೆ ಬದಲಾಗುತ್ತವೆ, ಮಣ್ಣು ಬದಲಾಗುವುದಿಲ್ಲ. ಜನರ ಮಾತೂ ಅರ್ಧ ಬದಲಾಗುತ್ತದೆ ಅಷ್ಟೇ. ಗಡಿಗೆ ಎರಡು ಕಿಲೋಮೀಟರು ಇರುವಾಗ ಟೈರು ಪಂಕ್ಚರ್. ಪಂಕ್ಚರ್ ಅಂಗಡಿಯ ಹುಡುಗ ಹಿಂದಿಯಲ್ಲಿ ಶುರು ಮಾಡಿ, ಮರಾಠಿಗೆ ಹೋಗಿ, ದುಡ್ಡಿನ ಮಾತು ಬಂದಾಗ ಕನ್ನಡಕ್ಕೆ ಇಳಿದ. ಉಮರ್ಗಾದಲ್ಲಿ ಪೋಹೆ, ಚಹಾ ಮುಗಿಸಿ ಕಿಲ್ಲಾರಿ ಸೇರಿದಾಗ ಹನ್ನೊಂದು.

ಸೇರಿದೆವು ಅಂತ ಅಂದುಕೊಂಡಿದ್ದೆವು. ಮೊಬೈಲಿನ ನಕ್ಷೆ ನಮ್ಮನ್ನು ಹೊಸ ಕಿಲ್ಲಾರಿಗೆ ಕರೆದೊಯ್ದಿತ್ತು. ಅಗಲ ರಸ್ತೆ, ಚೌಕ ಚೌಕ ಪ್ಲಾಟು, ಮಧ್ಯೆ ಅಂಗಡಿ ಸಾಲು. ನಾನು ಹಳೆಯ ಊರಿನ ಜಾಗ ಹುಡುಕುತ್ತ ಎರಡು ಸುತ್ತು ಹಾಕಿದೆ. ಯಾರನ್ನು ಕೇಳಿದರೂ, “ಹಳೇದಾ? ಅಲ್ಲೇನೂ ಇಲ್ಲವಲ್ಲ” ಅನ್ನುವ ಉತ್ತರ. ಕೊನೆಗೆ ಹಳೆಯ ಊರಿನ ಸ್ಮೃತಿಸ್ತಂಭ ಅಂತ ಕೇಳಿದಾಗ ದಾರಿ ಸಿಕ್ಕಿತು. ಹೋಗುವವರು ಹಾಗೆಯೇ ಕೇಳಿ.

ಅಲ್ಲಿ ಜಾಲಿ ಬೆಳೆದಿದೆ. ಕಾಲಿಟ್ಟಲ್ಲಿ ಕಪ್ಪು ಕಲ್ಲು. ಕೆಲವು ಕಡೆ ಮೊಳದೆತ್ತರ ಗೋಡೆ ಉಳಿದು, ಇದು ಪಡಸಾಲೆ, ಇದು ಅಡುಗೆಮನೆ ಅಂತ ಊಹಿಸುವಷ್ಟು ಆಕಾರ ಇದೆ. ಕಾಕಾ ಕೂತು ಒಂದು ಗೋಡೆಯ ಬುಡವನ್ನು ಕೆದರಿದ. “ನೋಡು. ಎರಡು ಮಗ್ಗಲಿಗೂ ದುಂಡ ಕಲ್ಲು, ನಡುವ ಬರೇ ಮಣ್ಣು. ಈ ಮುಖಕ್ಕೂ ಆ ಮುಖಕ್ಕೂ ಸಂಬಂಧ ಹಿಡಿಯು ಉದ್ದ ಕಲ್ಲೇ ಇಲ್ಲ. ಒಂದ ಮನಿಯಾಗ ಇದ್ದು ಮಾತು ಬಿಟ್ಟ ಗಂಡ ಹೆಂಡ್ತಿ ಇದ್ದಂಗ.”

ಗೋಡೆ ಎರಡೂವರೆ ಅಡಿ ದಪ್ಪ. ಅದರ ಮೇಲೆ ಮಣ್ಣಿನ ಮಾಳಿಗೆ. ನಮ್ಮ ಸೀಮೆಯ ಹಳೆಯ ಮನೆಗಳೂ ಇವೇ. ಪ್ರತಿ ಮಳೆಗಾಲಕ್ಕೆ ಮುಂಚೆ ಸೋರದಿರಲಿ ಅಂತ ಮಾಳಿಗೆಗೆ ಮತ್ತಷ್ಟು ಕರಲು ಮಣ್ಣು ಹಾಕುತ್ತೇವೆ. ಅಜ್ಜ ಹಾಕಿದ ಮಣ್ಣಿನ ಮೇಲೆ ಅಪ್ಪ, ಅಪ್ಪ ಹಾಕಿದ್ದರ ಮೇಲೆ ಮಗ. ಬೇಸಿಗೆಯಲ್ಲಿ ಒಳಗೆ ತಂಪೋ ತಂಪು. ಅಂಥ ಎಷ್ಟೋ ತಲೆಮಾರಿನ ಮಣ್ಣು ಆ ನಸುಕಿನಲ್ಲಿ ಮಲಗಿದವರ ಮೇಲೆ ಬಂತು. ತೀವ್ರತೆ 6.2. ಐವತ್ತಕ್ಕೂ ಹೆಚ್ಚು ಹಳ್ಳಿಗಳು ನೆಲಸಮ, ಸತ್ತವರು ಹತ್ತಿರ ಹತ್ತಿರ 10 ಸಾವಿರ. ಗಡಿಕೇಶ್ವಾರದ 4.1ಕ್ಕೂ ಇದಕ್ಕೂ ಅಂಕಿಯಲ್ಲಿ ಎರಡೇ ಮೆಟ್ಟಿಲು ಅಂತ ಕಾಣುತ್ತದೆ, ಆದರೆ ಒಂದೊಂದು ಮೆಟ್ಟಿಲಿಗೂ ಶಕ್ತಿ ಸುಮಾರು 32 ಪಟ್ಟು ಏರುತ್ತದೆ. ಲೆಕ್ಕ ಹಾಕಿದರೆ 1,400 ಪಟ್ಟು. ಅದೇ 6.2 ಗಟ್ಟಿ ಮನೆಗಳಿರುವ ಊರಲ್ಲಿ ಆಗಿದ್ದರೆ ಇಷ್ಟು ಜನ ಸಾಯುತ್ತಿರಲಿಲ್ಲ ಅನ್ನುವುದರಲ್ಲಿ ಕಾಕಾನಿಗೆ ಅನುಮಾನವೇ ಇಲ್ಲ. ಕಂಬ, ತೊಲೆ ಸರಿಯಾಗಿ ಬಿಗಿದ ಅಂಕಣದ ಮನೆಗಳಲ್ಲಿ ಗೋಡೆ ಬಿದ್ದರೂ ಮಾಳಿಗೆ ನಿಂತಿದ್ದನ್ನು ಅವನು ಆಗ ಕಣ್ಣಾರೆ ನೋಡಿದ್ದಾನೆ.

ಕಲ್ಲಿನ ಮೇಲೆ ಕೂತು ನಾನು ಓದಿದ್ದನ್ನು ಅವನಿಗೆ ಹೇಳತೊಡಗಿದೆ. ಇದು ಅಲುಗದ ನೆಲ ಅಂತ ಎಲ್ಲರೂ ನಂಬಿದ್ದ ಜಾಗ. ಆಗಿನ ಭೂಕಂಪ ನಕ್ಷೆಯಲ್ಲಿ ಇದು ಒಂದನೇ ವಲಯ, ಅಂದರೆ ಎಲ್ಲಕ್ಕಿಂತ ಸುರಕ್ಷಿತ. 2002ರ ನಕ್ಷೆಯಲ್ಲಿ ಆ ಒಂದನೇ ವಲಯವನ್ನೇ ತೆಗೆದುಹಾಕಿದರು, ಕಿಲ್ಲಾರಿ ಮೂರನೇ ವಲಯಕ್ಕೆ ಹೋಯಿತು. ಭಾರತ ಹೊತ್ತ ಫಲಕ, ಅಂದರೆ ಭೂಮಿಯ ಹೊರಪದರದ ದೊಡ್ಡ ತುಂಡು, ವರ್ಷಕ್ಕೆ ಸುಮಾರು ಐದು ಸೆಂಟಿಮೀಟರ್ ಉತ್ತರಕ್ಕೆ ಸರಿದು ಹಿಮಾಲಯದ ಬುಡಕ್ಕೆ ಒತ್ತುತ್ತಿದೆ. ಆ ಒತ್ತಡ ಅಲ್ಲೇ ಮುಗಿಯುವುದಿಲ್ಲ, ಹಿಂದಕ್ಕೂ ಹರಡುತ್ತದೆ. ಒಳಗೆ ಎಲ್ಲಿ ಹಳೆಯ ಬಿರುಕು ಇದೆಯೋ ಅಲ್ಲಿ ನೂರಾರು ವರ್ಷ, ಸಾವಿರಾರು ವರ್ಷ ಸೇರಿಕೊಳ್ಳುತ್ತ ಒಂದು ದಿನ ಜಾರುತ್ತದೆ. ಹಾಗಾದರೆ ಬಿರುಕು ಮೊದಲೇ ಯಾಕೆ ಕಾಣಲಿಲ್ಲ? ಸುಮಾರು 6.6 ಕೋಟಿ ವರ್ಷದ ಹಿಂದೆ ಉಕ್ಕಿ ಹರಿದ ಲಾವಾ ಇಡೀ ಸೀಮೆಯನ್ನು ಮುಚ್ಚಿದೆ. ಭೂಕಂಪದ ನಂತರ ವಿಜ್ಞಾನಿಗಳು ಇಲ್ಲಿ ಕೊಳವೆ ಕೊರೆದಾಗ ಮುನ್ನೂರು ಮೀಟರಿಗೂ ಮಿಕ್ಕಿ ಬರೀ ಈ ಕಪ್ಪು ಕಲ್ಲು, ಅದರ ಕೆಳಗೆ ಹಳೆಯ ಬುನಾದಿ.

ಕಾಕಾ ತಂಬಾಕು ಉಗುಳಿ ಬಂದ. “ಅಂದ್ರ ಗಿಲಾವು ಮಾಡ್ಯಾನ. ಬಿರುಕು ಬಿಟ್ಟ ಗೋಡಿಗಿ ದಪ್ಪಗ ಗಿಲಾವು ಹೊಡದ್ರ ಮಾಲಕಗ ಏನ್ ಕಾಣಸ್ತದ?”

ಮೂವತ್ತು ವರ್ಷದಿಂದ ನಾನು ಓದಿದ್ದೆಲ್ಲ ಆ ಒಂದು ಮಾತಿನಲ್ಲಿ ಕೂತಿತು. ಗಿಲಾವಿಗೆ ಸಿಟಿಯವರು ಪ್ಲಾಸ್ಟರು ಅನ್ನುತ್ತಾರೆ.

ಸಂಜೆ ಅವನು ಕಟ್ಟಿದ ಮನೆಗಳನ್ನು ಹುಡುಕಿಕೊಂಡು ಪಕ್ಕದ ಇನ್ನೊಂದು ಪುನರ್ವಸತಿ ಊರಿಗೆ ಹೋದೆವು. ಜಮೀನಿನ ಅಳತೆಯ ಮೇಲೆ ಮನೆಯ ಅಳತೆ: ಭೂಮಿ ಇಲ್ಲದವರಿಗೆ 250 ಚದರಡಿ, ನಡುವಿನವರಿಗೆ 400, ದೊಡ್ಡ ರೈತರಿಗೆ 750. ಕಾಕಾ ಓಣಿ ಓಣಿ ಗೋಡೆ ಬಡಿಯುತ್ತ ನಡೆದ. ಒಂದು ಮನೆಯ ಮುಂದೆ ನಿಂತು, “ಇದರ ಲಿಂಟಲ್ ಬೆಲ್ಟು ನಂದೇ. ಆ ಮೂಲ್ಯಾಗ ಕಬ್ಬಣ ಬಗ್ಗಸೂವಾಗ ಬೆರಳು ಜಜ್ಜಿತ್ತು” ಅಂದ. ಕಳ್ಳರಿರಬಹುದು ಅನ್ನುವ ಮುಖದಲ್ಲಿ ಒಳಗಿಂದ ಒಬ್ಬ ಹೆಂಗಸು ಬಂದಳು. ನಮ್ಮ ಮಾತು ಕೇಳಿ, “ಕನ್ನಡದವ್ರೇನ್ರಿ?” ಅಂದಳು. ತವರು ಬಸವಕಲ್ಯಾಣ ತಾಲೂಕು.

ಚಹಾ ಆಯಿತು. ಅವಳು 1993ರಲ್ಲಿ ಚೊಚ್ಚಲ ಬಾಣಂತನಕ್ಕೆ ತವರಿಗೆ ಹೋಗಿದ್ದಳು. ಆ ನಸುಕಿನಲ್ಲಿ ತವರಿನಲ್ಲೂ ತೊಟ್ಟಿಲು ತಾನಾಗಿ ತೂಗಿತಂತೆ. ಗಂಡ ಹೊಲದಲ್ಲಿ ಮಲಗಿದ್ದರಿಂದ ಉಳಿದ. ಅತ್ತೆ, ಮಾವ, ಮೈದುನ ಉಳಿಯಲಿಲ್ಲ. “ಅದರ ಹಿಂದಿನ ವರ್ಷಾನೂ ಸಣ್ಣ ಸಣ್ಣವು ಬಂದಿದ್ವು. ಜನ ಹೆದರಿ ಹೊರಗ ಮಲಗಿದ್ರು. ಆಮ್ಯಾಲ ಏನೂ ಆಗಲಿಲ್ಲ, ಒಳಗ ಹೋದ್ರು.” ಅಷ್ಟು ಹೇಳಿ ಸಕ್ಕರೆ ಸಾಕಾ ಅಂತ ಕೇಳಿದಳು.

ಮನೆ ಹೇಗಿದೆ ಅಂದಿದ್ದಕ್ಕೆ, “ಗಟ್ಟಿ ಅದ. ಬ್ಯಾಸಗ್ಯಾಗ ಹಂಚಿನ ಮ್ಯಾಲ ಕೂತಂಗ. ಹಳೇ ಊರಾಗ ಕೂಗಿದ್ರ ನಾಕು ಮನಿಗಿ ಕೇಳ್ತಿತ್ತು, ಇಲ್ಲಿ ಬಾಜೂಮನಿಗಿ ಫೋನ್ ಮಾಡಬೇಕು” ಅಂದಳು. ಹಿತ್ತಿಲಲ್ಲಿ ಹೊಸದೊಂದು ದನದ ಕೊಟ್ಟಿಗೆ. ಹಳೆಯ ಊರಿನ ಕಲ್ಲೇ ತಂದು, ಮಣ್ಣಲ್ಲೇ ಕಟ್ಟಿದ್ದು. ಕಾಕಾ ಅದನ್ನು ನೋಡಿದ, ನನ್ನನ್ನು ನೋಡಿದ, ಏನೂ ಅನ್ನಲಿಲ್ಲ. ಹೊರಡುವಾಗ ಮಾತ್ರ ತಡೆಯಲಾಗದೆ, “ತಂಗಿ, ನಡುವ ನಡುವ ಒಂದೊಂದು ಉದ್ದ ಕಲ್ಲು ಹಾಕ್ಸವ್ವಾ” ಅಂದ.

ರಾತ್ರಿ ಉಮರ್ಗಾದ ಲಾಡ್ಜು. ಅವ್ವನಿಗೆ ಫೋನು ಮಾಡಿದರೆ ಅವಳು ಕೇಳಿದ್ದು ಒಂದೇ: ಎಷ್ಟನೇ ಮಾಳಿಗೆ ಮೇಲೆ ರೂಮು?

ಮೂರನೇ ದಿನ: ದಾರಿ

ಇಡೀ ದಿನ ಕಾರಿನಲ್ಲೇ ಹೋಯಿತು. ಸೊಲ್ಲಾಪುರದಲ್ಲಿ ಶೇಂಗಾ ಚಟ್ನಿ, ಕಡಕ್ ಭಾಕರಿ ಕಟ್ಟಿಸಿಕೊಂಡೆವು. ಅಂಗಡಿಯಾಕೆ ನಾನು ಮರಾಠಿಯಲ್ಲಿ ಒದ್ದಾಡುವುದನ್ನು ಪೂರ್ತಿ ಕೇಳಿ, ಆಮೇಲೆ ಕನ್ನಡದಲ್ಲಿ ಚಿಲ್ಲರೆ ಕೊಡಿ ಅಂದಳು. ಪಂಢರಪುರದ ಮೇಲೆ ಕರಾಡಕ್ಕೆ ಹೋಗುವ ನನ್ನ ಯೋಜನೆಯೇ ದಡ್ಡತನ. ಕಾರ್ತಿಕಿ ಏಕಾದಶಿಗೆ ಎರಡೇ ದಿನ ಇತ್ತು. ಲಕ್ಷಗಟ್ಟಲೆ ವಾರಕರಿಗಳು, ಎಲ್ಲಿ ನೋಡಿದರೂ ಕಾವಿ ಪತಾಕೆ, ತಾಳ. ಪೊಲೀಸರು ಊರ ಹೊರಗಿಂದ ಹೊರಗೇ ತಿರುಗಿಸಿದರು. ಮೂರು ತಾಸು ಕೈಬಿಟ್ಟಿತು. ಆಷಾಢ, ಕಾರ್ತಿಕ ಎರಡೂ ಏಕಾದಶಿಯ ವಾರ ಆ ದಾರಿ ಹಿಡಿಯಬೇಡಿ. ಕಾಕಾ ಮಾತ್ರ ಬೇಜಾರಾಗಲಿಲ್ಲ, ದಿಂಡಿಯೊಂದರ ಜೊತೆ ಅರ್ಧ ಕಿಲೋಮೀಟರು ನಡೆದು, ಅವರ ಕೈಯಿಂದ ಚುರುಮುರಿ ತಿಂದು, ಮುಂದಿನ ತಿರುವಿನಲ್ಲಿ ಬಂದು ಕಾರು ಹತ್ತಿದ.

ಕರಾಡ ಸೇರಿದಾಗ ರಾತ್ರಿ ಹತ್ತು.

ನಾಲ್ಕನೇ ದಿನ: ಕೊಯ್ನಾ

ಬೆಳಗ್ಗೆ ಮೊದಲು ಪ್ರೀತಿಸಂಗಮ. ಕೃಷ್ಣೆಗೆ ಕೊಯ್ನೆ ಇಲ್ಲಿ ಎದುರಾಬದುರಾ ಬಂದು ಸೇರುತ್ತಾಳೆ. ಎರಡೂ ಒಂದಾಗಿ ಪಕ್ಕಕ್ಕೆ ತಿರುಗಿ ನಮ್ಮ ಕಡೆ ಹೊರಡುತ್ತವೆ. ಚಿಕ್ಕೋಡಿ, ಅಥಣಿ ಕಡೆಯವರಿಗೆ ಕೊಯ್ನಾ ಅಂದರೆ ಭೂಕಂಪ ಅಲ್ಲ, ನೆರೆ. “ಕೊಯ್ನಾದಿಂದ ನೀರ ಬಿಟ್ಟಾರಂತ” ಅನ್ನುವ ಮಾತು ಕೇಳಿದರೆ 2019ನ್ನು ಕಂಡವರು ಇವತ್ತೂ ಎದ್ದು ನಿಲ್ಲುತ್ತಾರೆ. ಮಂಜಿನಲ್ಲಿ ಶಾಂತವಾಗಿ ಸೇರುತ್ತಿದ್ದ ಆ ನೀರಿಗೆ ಎರಡು ಬಗೆಯ ಅಂಜಿಕೆ ಹುಟ್ಟಿಸುವ ಶಕ್ತಿ ಇದೆ ಅಂತ ಅನ್ನಿಸಲಿಲ್ಲ.

ಖಾರದ ಮಿಸಳ್ ತಿಂದು ಪಾಟಣದ ದಾರಿ ಹಿಡಿದೆವು. ಗುಡ್ಡದ ನೆತ್ತಿಯ ಮೇಲೆ ಗಾಳಿಯಂತ್ರಗಳು, ಕೆಳಗೆ ಭತ್ತದ ಕೊಯ್ಲು. ಸುಮಾರು ಅರವತ್ತು ಕಿಲೋಮೀಟರ್ ದಾರಿ. ಕೊನೆಯ ಭಾಗ ಹಸಿರೋ ಹಸಿರು. ಬಯಲುಸೀಮೆಯ ಕಾಕಾ ಕಿಟಕಿಯಿಂದ ತಲೆ ಒಳಗೆ ತೆಗೆಯಲೇ ಇಲ್ಲ.

ಅಣೆಕಟ್ಟಿನ ಒಳಗೆ ಅನುಮತಿ ಇಲ್ಲದೆ ಬಿಡುವುದಿಲ್ಲ. ನೆಹರೂ ಉದ್ಯಾನದಿಂದ ಚೆನ್ನಾಗಿ ಕಾಣುತ್ತದೆ, ಅಲ್ಲಿಗೆ ಹೋಗಿ. 103 ಮೀಟರ್ ಎತ್ತರದ ಗೋಡೆ, ಅದರ ಹಿಂದೆ ಸಹ್ಯಾದ್ರಿಯ ಕಣಿವೆ ತುಂಬ ಹರಡಿದ ಶಿವಸಾಗರ, ಸುಮಾರು 105 ಟಿಎಂಸಿಯ ಕೆರೆ. ಅರವತ್ತರ ದಶಕದ ಆರಂಭದಲ್ಲಿ ಇಲ್ಲಿ ನೀರು ನಿಲ್ಲಿಸಿದರು. ಸಣ್ಣ ಕಂಪನಗಳೂ ಆಗಲೇ ಶುರುವಾದವು. 1967ರ ಡಿಸೆಂಬರ್ 11ರ ನಸುಕು, 4 ಗಂಟೆ 21 ನಿಮಿಷಕ್ಕೆ ದೊಡ್ಡದು ಬಂತು: 6.3. ಕೊಯ್ನಾನಗರ ಉರುಳಿತು. ಸುಮಾರು 180 ಜನ ಹೋದರು. ಅಣೆಕಟ್ಟಿಗೂ ಬಿರುಕು ಬಿತ್ತು, ಒಡೆಯಲಿಲ್ಲ. ಆಮೇಲೆ ನೀರಿಲ್ಲದ ಬದಿಗೆ ಕಾಂಕ್ರೀಟು ತುಂಬಿ ಬಲಪಡಿಸಿದರು. ಅಣೆಕಟ್ಟಿನ ನೀರಿನಿಂದ ಎದ್ದ ಭೂಕಂಪಗಳಲ್ಲಿ ಇಡೀ ಜಗತ್ತಿನಲ್ಲಿ ಇದಕ್ಕಿಂತ ದೊಡ್ಡದು ದಾಖಲಾಗಿಲ್ಲ.

“ನೀರ ನಿಲ್ಲಿಸಿದ್ರ ನೆಲ ಯಾಕ ನಡಗಬೇಕು? ನಮ್ಮೂರ ಕೆರಿ ನಡಗೂದಿಲ್ಲಲ್ಲ?”

ನೀರಿಗೆ ತೂಕ ಇದೆ, ಅದು ಒಂದು. ಅದಕ್ಕಿಂತ ಮುಖ್ಯ, ನೀರು ಇಳಿಯುತ್ತದೆ. ಒತ್ತಡದಲ್ಲಿ ಹಲ್ಲುಕಚ್ಚಿ ನಿಂತ ಬಿರುಕಿನ ಎರಡು ಮುಖಗಳ ನಡುವೆ ಸೇರಿ ಹಿಡಿತ ಸಡಿಲಿಸುತ್ತದೆ. ಬಂದೂಕಿಗೆ ಮದ್ದು ತುಂಬಿದ್ದು ಭೂಮಿಯೇ, ನೀರು ಟ್ರಿಗರ್ ಎಳೆಯುತ್ತದೆ. ಮಳೆಗಾಲದ ಕೊನೆಗೆ ಕೆರೆ ತುಂಬಿದಾಗ ಕಂಪನ ಹೆಚ್ಚು, ಆಮೇಲೆ ನೀರು ಇಳಿಸುವಾಗ ಇನ್ನೊಮ್ಮೆ ಹೆಚ್ಚು. ಐವತ್ತು ವರ್ಷ ದಾಟಿದರೂ ನಿಂತಿಲ್ಲ. 4 ದಾಟಿದವು 200ಕ್ಕೂ ಹೆಚ್ಚು ಆಗಿವೆ. ಎಲ್ಲವೂ ಹೆಚ್ಚುಕಡಿಮೆ 30 ಕಿಲೋಮೀಟರ್ ಉದ್ದ, 20 ಕಿಲೋಮೀಟರ್ ಅಗಲದ ಒಂದೇ ತುಂಡು ನೆಲದಲ್ಲಿ. ಕಂಪನ ಹುಟ್ಟುವ ಜಾಗ ಇಷ್ಟು ಖಚಿತವಾಗಿ ಗೊತ್ತಿರುವುದರಿಂದಲೇ ಕೇಂದ್ರ ಸರ್ಕಾರದ ಭೂವಿಜ್ಞಾನಿಗಳು ಕರಾಡದಲ್ಲಿ ಪ್ರಯೋಗಾಲಯ ಮಾಡಿ, ಈ ಕಾಡಿನಲ್ಲಿ 3 ಕಿಲೋಮೀಟರ್ ಆಳದ ಕೊಳವೆ ಕೊರೆದರು. ಅವರಿಗೆ ಲಾವಾ ಕಲ್ಲು ಮುಗಿದು ಬುನಾದಿ ಸಿಕ್ಕಿದ್ದು ಸುಮಾರು 1,250 ಮೀಟರಿನಲ್ಲಿ.

“ಕಿಲ್ಲಾರಿಗಿಂತ ಗಿಲಾವು ದಪ್ಪ,” ಅಂದ ಕಾಕಾ. ಸ್ವಲ್ಪ ಹೊತ್ತು ಬಿಟ್ಟು, “ನೀರು ಕುಡದ ಗೋಡಿ ಜಾರೇ ಜಾರ್ತದ. ಇದಕ್ಕ ಮೂರು ಕಿಲೋಮೀಟರ್ ಕೊರೀಬೇಕಿತ್ತೇನು?”

ನವಜಾ ಕಡೆಗೆ ಹೋಗುವ ದಾರಿಯಲ್ಲಿ ಒಂದು ಚಹಾ ಅಂಗಡಿ. ನಾಚಣಿ ಭಾಕರಿ, ಪಿಠಲ, ಹಸಿಮೆಣಸಿನ ಠೇಚಾ. ಐವತ್ತರ ಆಸುಪಾಸಿನ ಅಂಗಡಿಯವನನ್ನು, ಇಲ್ಲಿ ಭೂಮಿ ನಡುಗುತ್ತದಂತಲ್ಲ ಅಂತ ಕೇಳಿದೆ. “ರೋಜಚಂಚ ಆಹೇ” ಅಂದು ಭಾಕರಿ ಮಗುಚಿದ. ದಿನದ್ದೇ ಅದು. ಮೂರರ ಒಳಗಿನದಕ್ಕೆ ಮಂಚದಿಂದ ಏಳುವುದಿಲ್ಲ, ಮೂರೂವರೆ ಆದರೆ ಏಳುತ್ತೇವೆ, ನಾಲ್ಕಾದರೆ ಟಿವಿಯವರು ಬರುತ್ತಾರೆ ಅಂದ. ಯಂತ್ರ ಇಲ್ಲದೆ ಮೂರು, ಮೂರೂವರೆ ಹೇಗೆ ಗೊತ್ತು? ತಗಡಿನ ಮೇಲೆ ಬೆರಳಿಂದ ತಾಳ ಹಾಕಿ ತೋರಿಸಿದ: ಹೀಗೆ ಅಂದರೆ ಎರಡೂವರೆ, ಹೀಗೆ ಅಂದರೆ ಮೂರೂವರೆ. ಕೆರೆ ಬಂದಾಗ ಅವನ ಅಜ್ಜನ ಹೊಲ ನೀರಿನಡಿ ಹೋಯಿತು. 1967ರಲ್ಲಿ ಅಪ್ಪನ ಮನೆ ಬಿತ್ತು. “ಇಲ್ಲಿಯ ಕರೆಂಟಿನಿಂದ ಮುಂಬಯಿ ಬೆಳಗುತ್ತದೆ. ಆವತ್ತು ಇಲ್ಲಿ ನೆಲ ನಡುಗಿದಾಗ ಅಲ್ಲೂ ಕತ್ತಲಾಯಿತು. ನಾವು ಇದ್ದೇವೆ ಅಂತ ಅವರಿಗೆ ಗೊತ್ತಾಗಿದ್ದು ಆಗಲೇ.” ದೂರಿನ ದನಿ ಇರಲಿಲ್ಲ, ಭಾಕರಿ ಇನ್ನೊಂದು ಬೇಕಾ ಅಂತ ಕೇಳುವ ದನಿಯೇ.

ಲಾಡ್ಜಿನ ರೂಮು ಹಳೆಯದು. ಹಾಸಿಗೆ ತಣ್ಣಗೆ, ಗೀಸರು ಕೆಟ್ಟಿತ್ತು. ನವೆಂಬರಿನಲ್ಲಿ ಹೋಗುವವರು ಕಂಬಳಿ ಒಯ್ಯಿರಿ. ಬಾಗಿಲ ಮೇಲೆ ಮೂಲೆಯಿಂದ ಸೂರಿನವರೆಗೆ ಕೂದಲೆಳೆಯ ಬಿರುಕು. ಕಾಕಾನ ಕಣ್ಣಿಗೆ ಅದು ಬೀಳದೆ ಇರುತ್ತದೆಯೇ? ಗಾಜು ಇಲ್ಲ, ಸಿಮೆಂಟು ಇಲ್ಲ. ಊಟದ ಅನ್ನದ ನಾಲ್ಕು ಅಗುಳು ಅರೆದು, ಸೊಲ್ಲಾಪುರದಲ್ಲಿ ಚಟ್ನಿ ಕಟ್ಟಿಕೊಟ್ಟ ಪೇಪರಿನಿಂದ ಎರಡು ಬೆರಳಗಲದ ಪಟ್ಟಿ ಹರಿದು, ಕುರ್ಚಿ ಹತ್ತಿ ಬಿರುಕಿಗೆ ಅಡ್ಡ ಅಂಟಿಸಿದ. ಪೆನ್ನಿನಿಂದ ತಾರೀಖು ಬರೆದ. ಬಾಗಿಲಿಗೆ ಚಿಲಕ ಹಾಕಲು ಹೋದ ನನ್ನನ್ನು ತಡೆದು, ನೀರಿನ ಕ್ಯಾನು ಒತ್ತುಕೊಟ್ಟ. ನಮ್ಮ ಮನೆತನದ ರೋಗ ಇದು.

ಐದನೇ ದಿನ

ನಾಲ್ಕೂವರೆಗೆ ಎಚ್ಚರವಾಯಿತು. ಕಿಟಕಿಯ ಮೇಲಿನ ಸ್ಟೀಲು ಲೋಟ ಕಿಣಿಕಿಣಿ ಅನ್ನುತ್ತಿತ್ತು. ಎರಡು ಸೆಕೆಂಡೋ, ಐದೋ. ಕಾಕಾ ಕತ್ತಲಲ್ಲಿ ಎದ್ದು ಕೂತಿದ್ದ. ಇಬ್ಬರೂ ಹೊರಗೆ ಓಡಲಿಲ್ಲ, ಮಾತೂ ಆಡಲಿಲ್ಲ. ಆ ಹೊತ್ತಿನಲ್ಲಿ ಕಾರಣ ಯಾವುದಾದರೇನು, ಫಲಕವೋ ಕೆರೆಯೋ ಆದಿಶೇಷನೋ, ನನಗೆ ಬೇಕಾಗಿದ್ದು ತಲೆಯ ಮೇಲಿನ ಸೂರು ಎಂಥದ್ದು ಅನ್ನುವುದೊಂದೇ. ಕಾಕಾ ಮೊಬೈಲಿನ ಬೆಳಕು ಹಾಕಿ ಗೋಡೆ ನೋಡಿದ. ಪೇಪರು ಹರಿದಿರಲಿಲ್ಲ.

ಬೆಳಗ್ಗೆ ಲಾಡ್ಜಿನ ಹುಡುಗನನ್ನು ಕೇಳಿದರೆ, “ಚಿಪಳೂಣಕ್ಕೆ ಹೋಗೋ ಲಾರಿ ಇರಬೇಕು” ಅಂದ. ಭೂಕಂಪ ಕೇಂದ್ರದ ಪಟ್ಟಿಯನ್ನು ಮೊಬೈಲಿನಲ್ಲಿ ತೆರೆದೆ, ಅಲ್ಲೂ ಏನೂ ಇರಲಿಲ್ಲ. ಕಾಕಾನಿಗೆ ಇಬ್ಬರ ಮೇಲೂ ನಂಬಿಕೆ ಬರಲಿಲ್ಲ. ಪೇಪರು ಕೀಳಬೇಡ, ಹರಿದರೆ ಫೋನು ಮಾಡು ಅಂತ ಹುಡುಗನಿಗೆ ನೂರು ರೂಪಾಯಿ ಕೊಟ್ಟು, ನನ್ನ ನಂಬರು ಬರೆಸಿದ.

ವಾಪಸ್ಸಿನ ದಾರಿಯಲ್ಲಿ ಹೇಳುವಂಥದ್ದೇನೂ ಆಗಲಿಲ್ಲ. ನಾನು ಬೆಂಗಳೂರಿಗೆ ಬಂದೆ. ಮೂರು ವಾರ ಬಿಟ್ಟು ಕಾಕಾನ ಫೋನು: ಆ ಹುಡುಗ ಏನರೆ ಹೇಳಿದನಾ? ಇಲ್ಲ ಅಂದೆ. ನೀನೇ ಮಾಡು ಅಂದ. ಮಾಡಿದೆ. ಹುಡುಗನಿಗೆ ನಮ್ಮ ನೆನಪಾಗಲು ಸ್ವಲ್ಪ ಹೊತ್ತು ಹಿಡಿಯಿತು.

“ಹಾಂ, ಆ ಪೇಪರಾ? ಲಗ್ನದ ಸೀಸನ್ ಬಂತಲ್ಲ, ಮಾಲಕರು ಎಲ್ಲ ರೂಮಿಗೂ ಹೊಸ ಪ್ಲಾಸ್ಟರು ಮಾಡಿಸಿ ಬಣ್ಣ ಹೊಡೆಸಿದರು. ಈಗ ಬಿರುಕು ಕಾಣುವುದೇ ಇಲ್ಲ.”